ಸುತ್ತು ಮುಗಿಸುವ ಮುಳ್ಳು

ನಮ್ಮ ಊರಿನಲ್ಲಿ ಮನೆಯ ಮುಂದೆ ಹೂವಿನ ಗಿಡ ಹೆಚ್ಚಿದ್ದರೆ ಆ ಮನೆಗೆ ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡುತ್ತಾರೆ. ಹೊರಗಿನಿಂದ ಬಂದವರಿಗೆ ಇದು ತಿಳಿಯುವುದಿಲ್ಲ. ಅವರು ಬೀದಿಯಲ್ಲಿ ನಿಂತು, ಆಹಾ, ಎಂಥ ಅಂಗಳ, ಎಂಥ ಸುಖದ ಸಂಸಾರ ಎಂದು ಹೊಗಳುತ್ತಾರೆ. ನಾವು ಸೆರಗು ಅಡ್ಡ ಹಿಡಿದು ನಗುತ್ತೇವೆ. ನೋವಿಗೆ ಮದ್ದೆಂದು ಒಂದು ಜೇನಿನಿಂದ ಕಚ್ಚಿಸಿಕೊಂಡರೆ ಒಂದು ಗಿಡ ನೆಡಬೇಕು ಎಂಬುದು ನಮ್ಮ ಕಟ್ಟಳೆ. ಕಚ್ಚಿದ ಹುಳ ಸಾಯುತ್ತದಲ್ಲ, ಅದರ ಬಳಗಕ್ಕೆ ಒಂದು ಹೂವಾದರೂ ಸಿಗಲಿ ಎಂದು ಹಿರಿಯರು ಮಾಡಿದ್ದು. ಹಾಗಾಗಿ ಮಂಡಿ ನೋವಿನ ಮುದುಕರ ಅಂಗಳದಲ್ಲಿ ಕಾಕಡ, ಕನಕಾಂಬರ, ಸೇವಂತಿಗೆ ತುಂಬಿ ತುಳುಕುತ್ತಿರುತ್ತವೆ. ಗುಂಡುಕಲ್ಲಿನಂತೆ ಇರುವವರ ಮನೆ ಮುಂದೆ ಪೊರಕೆ ಒರಗಿಸಿರುತ್ತದೆ, ಅಷ್ಟೇ. ಮದುವೆಗೆ ಬಂದ ಮಕ್ಕಳಿರುವವರು ಜಾಣತನ ಮಾಡಿ ಹಿತ್ತಲಲ್ಲಿ ನೆಡುತ್ತಾರೆ. ನೋಡಲು ಬರುವ ಬೀಗರೇನು ಕಡಿಮೆಯೇ, ಕಾಲು ತೊಳೆಯುವ ನೆಪದಲ್ಲಿ ಮೊದಲು ಹಿತ್ತಲಿಗೇ ನುಗ್ಗುತ್ತಾರೆ.

ನನ್ನ ಹೆಸರು ತಾಯಮ್ಮ. ಊರಿಗೆಲ್ಲ ಸಸಿ ಮಾರುವವಳು ನಾನೇ. ಯಾರ ಮನೆಯಲ್ಲಿ ಯಾರಿಗೆ ಎಲ್ಲಿ ನೋವು ಎಂಬುದು ನನಗಿಂತ ಮೊದಲು ಜೇನಿಗೆ ಮಾತ್ರ ಗೊತ್ತು. ಜೇನು ಬಾಯಿ ಬಿಡುವುದಿಲ್ಲ. ನಾನೂ ಬಿಡುವುದಿಲ್ಲ, ಬಿಟ್ಟರೆ ವ್ಯಾಪಾರ ಕೆಡುತ್ತದೆ.

ನಮ್ಮ ಜೇನು ಸುಮ್ಮಸುಮ್ಮನೆ ಯಾರನ್ನೂ ಕಚ್ಚುವುದಿಲ್ಲ. ಪ್ರತಿ ಮನೆಯ ಪಡಸಾಲೆಯಲ್ಲಿ ಒಂದು ಮಣ್ಣಿನ ಗಡಿಗೆ, ಅದರೊಳಗೆ ಆ ಮನೆಯ ಜೇನು. ಮಕ್ಕಳು ಬೆಲ್ಲದುಂಡೆ ಹಿಡಿದು ಅದರ ಕೆಳಗೇ ಆಡುತ್ತವೆ. ಕೈ ಚಾಚಿ 'ಬಾ' ಎಂದರೆ ಒಂದೇ ಒಂದು ಹುಳ ಬಂದು ಕೈ ಮೇಲೆ ಕೂರುತ್ತದೆ. ಬೆರಳಿಟ್ಟು ತೋರಿಸಿದ ಜಾಗಕ್ಕೆ ಮುಳ್ಳು ಊರುತ್ತದೆ. ಊರಿ ಸಾಯುತ್ತದೆ. ಈ ಕಾರಣಕ್ಕೆ ನಾವು ಮನೆಗೆ ಬಂದ ನೆಂಟರನ್ನು ಕೈ ಚಾಚಿ ಬಾಯಿ ತುಂಬ ಕರೆಯುವ ಹಾಗಿಲ್ಲ. ಕೈ ಕಟ್ಟಿಕೊಂಡು ಕಣ್ಣಿನಲ್ಲೇ ಕರೆಯುತ್ತೇವೆ. ಇವರಿಗೆ ಎಷ್ಟು ಗತ್ತು ಎಂದು ಹೊರಗಿನವರು ಆಡಿಕೊಳ್ಳುತ್ತಾರೆ.

ಇನ್ನೊಂದು ಕಟ್ಟಳೆಯನ್ನೂ ಹೇಳಿಬಿಡುತ್ತೇನೆ, ನನ್ನ ಕಥೆಗೆ ಅದೇ ಗಂಟು. ನೋವಿಗೆ ಮುಳ್ಳು ಹಾಕಿಸಿಕೊಳ್ಳಲು ಶುರು ಮಾಡಿದರೆ ಅದು ಒಂದು ಸುತ್ತು. ಒಂದು ಹೊಂಗೆ ಹೂವಿನ ಕಾಲದಿಂದ ಇನ್ನೊಂದು ಹೊಂಗೆ ಹೂವಿನ ಕಾಲದವರೆಗೆ ಅದು ನಡೆಯಬೇಕು. ಕೊನೆಯಲ್ಲಿ ಊರ ಹೊಂಗೆಮರದ ಬುಡದ ಜೇನುಕಟ್ಟೆಯ ಮೇಲೆ, ಹತ್ತು ಜನರ ಎದುರಿಗೆ, ಸುತ್ತು ಮುಗಿಸುವ ಮುಳ್ಳನ್ನು ಹಾಕಿಸಿಕೊಳ್ಳಬೇಕು. ನಡುವೆ ಬಿಟ್ಟರೆ ಅಲ್ಲಿಯವರೆಗೆ ಸತ್ತ ಹುಳಗಳು ಸುಮ್ಮನೆ ಸತ್ತಂತೆ. ಆ ಮನೆಯ ಜೇನು ಗಡಿಗೆ ಬಿಟ್ಟು ಎದ್ದುಹೋಗುತ್ತದೆ, ಜೇನಿಲ್ಲದ ಮನೆಯಿಂದ ಊರಿನವರು ನೀರನ್ನೂ ಮುಟ್ಟುವುದಿಲ್ಲ. ಹಾಗೆ ಎದ್ದುಹೋದದ್ದನ್ನು ಕಂಡವರು ಯಾರೂ ಇಲ್ಲ. ಕಾಣಬೇಕಾದರೆ ಯಾರಾದರೂ ನಡುವೆ ಬಿಟ್ಟಿರಬೇಕಲ್ಲ.

ನನ್ನ ಸೊಸೆ ಜಯಶೀಲ. ಸೊಸೆಯನ್ನು ಹೊಗಳುವ ಅತ್ತೆಗೆ ತಲೆ ಕೆಟ್ಟಿದೆ ಎನ್ನುತ್ತಾರೆ, ಕೆಟ್ಟಿರಲಿ. ಅವಳು ಕಸಿ ಕಟ್ಟುವುದನ್ನು ನೋಡಬೇಕು. ಕಾಡು ಗುಲಾಬಿಯ ಕಡ್ಡಿಯನ್ನು ಸೀಳಿ, ಊರ ಗುಲಾಬಿಯ ಕುಡಿಯನ್ನು ಅದರೊಳಗೆ ಕೂರಿಸಿ, ಪಟ್ಟಿ ಸುತ್ತಿ ಬಿಗಿಯುವಷ್ಟರಲ್ಲಿ ನಾವು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಿರುವುದಿಲ್ಲ. ಮಾವು, ಸಪೋಟ, ದಾಸವಾಳ, ಯಾವುದಾದರೂ ಸರಿ, ಅವಳು ಕಟ್ಟಿದ್ದು ಹಿಡಿಯಿತೆಂದೇ ಲೆಕ್ಕ. ನಮ್ಮ ಅಂಗಡಿ ನಡೆಯುವುದು ನನ್ನ ಬಾಯಿಂದ ಎಂದು ಊರು ತಿಳಿದಿದೆ. ನಡೆಯುವುದು ಅವಳ ಕೈಯಿಂದ.

ಕೂತು ಕೂತು ಕಸಿ ಕಟ್ಟಿ ಅವಳ ಬಲಗೈ ಮಣಿಕಟ್ಟಿಗೆ ನೋವು ಬಂತು. ಬಂದ ನೋವಿಗೆ ನಮ್ಮ ಊರಿನಲ್ಲಿ ಒಂದೇ ದಾರಿ, ಕೆಂಪಾಜಮ್ಮನ ಜಗಲಿ. ಮುಳ್ಳು ಹಾಕಿಸುವವಳು ಅವಳು, ಅವಳ ಅವ್ವನೂ ಅದನ್ನೇ ಮಾಡುತ್ತಿದ್ದಳು. ದೊಡ್ಡ ದೇಹ, ಮೆತ್ತನೆಯ ದನಿ. ನೊಂದವರ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, ಎಲ್ಲಿಗೆ ಮುಳ್ಳು ಬೀಳಬೇಕೆಂದು ಬೆರಳಿನಿಂದ ಹುಡುಕಿ ಹುಡುಕಿ ತೋರಿಸುತ್ತಾಳೆ. ಯಾರ ಹತ್ತಿರವೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನ್ನ ಕೆಲಸ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭವಾಗುತ್ತಿತ್ತು.

ಮೊದಮೊದಲು ನೋವು ಇಳಿದದ್ದು ನಿಜ. ಇಲ್ಲವೆಂದರೆ ನನ್ನ ನಾಲಗೆ ಬಿದ್ದುಹೋದೀತು. ಜಯಶೀಲ ನಗುತ್ತ ಬಂದು ಅಂಗಳದಲ್ಲಿ ಗಿಡ ನೆಟ್ಟಳು, ಮತ್ತೆ ಹೋದಳು, ಮತ್ತೆ ನೆಟ್ಟಳು. ಆಮೇಲೆ ಒಂದು ಮುಳ್ಳಿನ ಜಾಗದಲ್ಲಿ ಊತ ಇಳಿದರೂ ಕೆಂಪು ಇಳಿಯಲಿಲ್ಲ. ಕೆಂಪಿನ ಸುತ್ತ ನೇರಳೆ ಹಣ್ಣಿನ ಬಣ್ಣದ ಅಂಚು ಮೂಡಿತು. ನಡುವೆ ಚರ್ಮ ಬೆಳ್ಳಗಾಗಿ, ಮೇಣ ಸವರಿದ ಹಾಗೆ ಹೊಳೆಯತೊಡಗಿತು. ಮುಟ್ಟಿದರೆ ಗಟ್ಟಿ. ಎರಡು ಬೆರಳಲ್ಲಿ ಚಿವುಟಿ ಹಿಡಿಯಲು ಹೋದರೆ ಚರ್ಮ ಏಳುವುದೇ ಇಲ್ಲ. ಅಲ್ಲಿಂದ ಅದು ಮುಂಗೈ ಉದ್ದಕ್ಕೂ ಹತ್ತಿತು.

ನಾನು ಕೆಂಪಾಜಮ್ಮನನ್ನು ಕೇಳಿದೆ. ಅವಳು ಆ ಮಚ್ಚೆಯನ್ನು ಸವರಿ ನೋಡಿ, "ನಂಜು ಈಚೆಗೆ ಬತ್ತಾ ಅದೆ ಕಣ್ ತಾಯಮ್ಮ" ಅಂದಳು. "ಒಳಗೆ ಎಷ್ಟು ವರ್ಷದಿಂದ ಕೂತಿತ್ತೋ ಏನೋ. ಈಗ ಕೈ ಬುಟ್ರೆ ಅರ್ಧ ಒಳಗೇ ಉಳ್ಕೊತದೆ. ಹುಳ ಜಾಸ್ತಿ ಮಾಡ್ಬೇಕು."

"ಹುಳ ಜಾಸ್ತಿ ಆದಂಗೆಲ್ಲ ಮಚ್ಚೇನೂ ಜಾಸ್ತಿ ಆಯ್ತಾ ಅದಲ್ಲಕ್ಕ" ಅಂದೆ.

"ಅದೇ ಗುಣ ಆಗೋ ಗುರುತು. ಊದುದ್ರೆ ಗುಣ ಉಂಟು, ಊದ್ದಿದ್ರೆ ಇಲ್ಲ. ನಮ್ಮವ್ವ ಹೇಳ್ತಿದ್ದುದ್ದು."

ಕಡಿಮೆಯಾದರೆ ಮುಳ್ಳಿನ ಮಹಿಮೆ, ಹೆಚ್ಚಾದರೂ ಮುಳ್ಳಿನ ಮಹಿಮೆ. ಇಂಥ ವೈದ್ಯಕ್ಕೆ ಸೋಲೆಂಬುದೇ ಇಲ್ಲವಲ್ಲ ಎಂದು ನನಗೆ ಅಂದೇ ಅನ್ನಿಸಿತು. ಆದರೂ ಬಾಯಿ ಮುಚ್ಚಿಕೊಂಡು ಬಂದೆ. ಊರಿಗೆ ಊರೇ ನಂಬಿದ್ದನ್ನು ಸಸಿ ಮಾರುವವಳು ಒಬ್ಬಳೇ ನಂಬದೆ ಇರುವುದು ಹೇಗೆ?

ಒಂದು ದಿನ ಎಣ್ಣೆ ನೀರು ಹಾಕಲು ಅವಳನ್ನು ಬಚ್ಚಲಲ್ಲಿ ಕೂರಿಸಿದ್ದೆ. ಬೆನ್ನಿಗೆ ಎಣ್ಣೆ ತಿಕ್ಕುತ್ತ ಪಕ್ಕೆಗೆ ಕೈ ಬಂದಾಗ ಅದೇ ಮೇಣದ ನುಣುಪು, ಅದೇ ಗಟ್ಟಿ. ಬಗ್ಗಿ ನೋಡಿದೆ. ಅದೇ ನೇರಳೆ ಅಂಚು.

"ಇಲ್ಲಿಗೂ ಕಚ್ಚಿಸ್ಕಂಡ್ಯೇನೆ?" ಎಂದು ಕೇಳಿದೆ.

"ಇಲ್ಲ ಅತ್ತೆ. ಅಲ್ಲಿಗೆ ಒಂದು ಹುಳಾನೂ ಕರ್ದಿಲ್ಲ."

"ಮತ್ಯಾಕೆ ಬಂತು?"

"ಗೊತ್ತಿಲ್ಲ. ನಿಮಗೆ ಹೇಳುದ್ರೆ ಹೆದರ್ಕತೀರ ಅಂತ ಸುಮ್ನಿದ್ದೆ."

ಮುಳ್ಳು ಬಿದ್ದ ಜಾಗದಲ್ಲಿ ಬಂದರೆ ಮುಳ್ಳಿನದು ಎನ್ನಬಹುದು. ಮುಳ್ಳೇ ಬೀಳದ ಜಾಗದಲ್ಲಿ ಬಂದರೆ ಏನೆನ್ನಬೇಕು? ಆ ವಾರವೇ ಅವಳು ಕಸಿ ಕಟ್ಟಲು ಕೂತಾಗ ಮಣಿಕಟ್ಟು ಮಡಚದೆ ಚಾಕು ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಹಾಗೂ ಹೀಗೂ ಕಟ್ಟಿದ ಗುಲಾಬಿ ಒಣಗಿಹೋಯಿತು. ಆ ಒಣಕಡ್ಡಿಯನ್ನು ಹಿಡಿದುಕೊಂಡು ಅವಳು ಅತ್ತದ್ದನ್ನು ನಾನು ಮರೆಯಲಾರೆ. ತಾಯಿ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. "ಈ ಕೈ ಹೋದ್ರೆ ನಾನ್ಯಾಕತ್ತೆ ಇರ್ಬೇಕು" ಅಂದಳು. ನನಗೆ ಸಿಟ್ಟು ಬಂತು. ಕೆಂಪಾಜಮ್ಮನ ಮೇಲಲ್ಲ, ಅವಳ ಮೇಲೂ ಅಲ್ಲ. ನೋಡುತ್ತ ಕೂತಿರುವ ನನ್ನ ಮೇಲೆಯೂ ಅಲ್ಲದ, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಅಂಥ ಸಿಟ್ಟು ಬಂದಾಗ ನಾನು ಸುಮ್ಮನಿರುವವಳಲ್ಲ.

ನನ್ನ ಮಗ ಮಹಾಲಿಂಗು ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ಮಾತು ಕಡಿಮೆ, ಹೆಂಡತಿಯ ಮೇಲೆ ಜೀವ. ಮರುದಿನವೇ ಸಸಿಯ ಬುಟ್ಟಿಗಳನ್ನು ತುಂಬಿಸಿ, ನಡುವೆ ನಾವಿಬ್ಬರೂ ಕೂತು, ಸಂತೆಗೆ ಹೋಗುವವರ ಹಾಗೆ ಊರು ದಾಟಿದೆವು. ಗುಡ್ಡದ ಆಚೆಯ ಪಟ್ಟಣದಲ್ಲಿ ಚರ್ಮದ ಡಾಕ್ಟರಮ್ಮ ಒಬ್ಬರಿದ್ದಾರೆಂದು ಅವನು ವಿಚಾರಿಸಿಕೊಂಡು ಬಂದಿದ್ದ.

ಡಾಕ್ಟರಮ್ಮ ಮಚ್ಚೆಗಳನ್ನು ಮುಟ್ಟಿ, ಚಿವುಟಿ, ಬೆಳಕಿಗೆ ಹಿಡಿದು ನೋಡಿದರು. ಸಾಸಿವೆಯಷ್ಟು ಚರ್ಮವನ್ನು ತೆಗೆದು ಪರೀಕ್ಷೆಗೆ ಕಳಿಸಿದರು, ರಕ್ತ ತೆಗೆದರು. ಎರಡನೆಯ ಸಲ ಹೋದಾಗ ಕೂರಿಸಿಕೊಂಡು ಹೇಳಿದರು. "ನೋಡಮ್ಮ, ನಿಮ್ಮೂರಲ್ಲಿ ಗಡಿಗೆ ಬಾಯಲ್ಲಿ ಕಾವಲಿನ ಹುಳ ಇರುತ್ತಲ್ಲ, ಅಂಥ ಕಾವಲು ನಮ್ಮ ಮೈಯೊಳಗೂ ಇದೆ. ಹೊರಗಿನಿಂದ ಬಂದದ್ದನ್ನು ಓಡಿಸೋದು ಅದರ ಕೆಲಸ. ಇವಳ ಮೈಯಲ್ಲಿ ಆ ಕಾವಲು ತನ್ನ ಗೂಡಿನ ಹುಳಾನೇ ಕಳ್ಳ ಅಂದ್ಕೊಂಡು ಹೊಡೀತಾ ಇದೆ. ಅದಕ್ಕೇ ಚರ್ಮ ಗಟ್ಟಿ ಆಗ್ತಿರೋದು."

"ಜೇನಿನಿಂದಲೇ ಬಂತಾ?" ಎಂದು ಮಹಾಲಿಂಗು ಕೇಳಿದ.

"ಜೇನು ಒಂದೇ ಕಾರಣ ಅಂತ ನಾನು ಆಣೆ ಇಟ್ಟು ಹೇಳಲಾರೆ. ಕೆಲವರ ಮೈಯಲ್ಲಿ ಇಂಥದ್ದು ಮಲಗಿರುತ್ತೆ. ಮೇಲಿಂದ ಮೇಲೆ ನಂಜು ಹಾಕಿಸಿಕೊಂಡ್ರೆ ಎದ್ದು ಕೂರಬಹುದು. ನಿಮ್ಮೂರಲ್ಲಿ ನೂರು ಜನಕ್ಕೆ ಏನೂ ಆಗದೇ ಇರಬಹುದು. ಇವಳಿಗೆ ಆಗಿದೆ. ಇನ್ನೊಂದು ಮುಳ್ಳು ಬೀಳಬಾರದು."

ವಾರಕ್ಕೊಂದು ದಿನ ನುಂಗುವ ಗುಳಿಗೆ, ಹಚ್ಚುವ ಮುಲಾಮು, ಆಗಾಗ ರಕ್ತ ಪರೀಕ್ಷೆ. ಕೈಯನ್ನು ಮಡಚಿ ಬಿಡಿಸುವ ಅಭ್ಯಾಸವನ್ನೂ ಹೇಳಿಕೊಟ್ಟರು. ಕೊನೆಗೆ ನನ್ನ ಮುಖ ನೋಡಿ ಸ್ವಲ್ಪ ಅನುಮಾನದಲ್ಲೇ, "ಈ ಗುಳಿಗೆ ತಗೊಳ್ಳುವಷ್ಟು ಕಾಲ, ನಿಲ್ಲಿಸಿದ ಮೇಲೂ ನಾನು ಹೇಳೋವರೆಗೂ, ಇವಳು ಬಸುರಿ ಆಗಬಾರದು" ಅಂದರು. ಅತ್ತೆ ಎಂದರೆ ಅವರಿಗೂ ಒಂದು ಲೆಕ್ಕವಿತ್ತೇನೋ. ನಾನು ಅಂದೆ, "ಮೊಮ್ಮಗು ಕಾಯ್ಲಿ ಡಾಕ್ಟ್ರಮ್ಮ. ಮೊದ್ಲು ನನ್ನ ಸೊಸೆ." ಜಯಶೀಲ ನನ್ನ ಕೈ ಹಿಡಿದುಕೊಂಡಳು. ಬಿಗಿಯಾಗಿ ಹಿಡಿಯಲು ಅವಳಿಗೆ ಆಗಲಿಲ್ಲ, ನಾನೇ ಹಿಡಿದೆ.

ಸರಿ, ಮುಳ್ಳು ನಿಲ್ಲಿಸಿದೆವು. ಊರಿಗೆ ಏನು ಹೇಳುವುದು? ಮನೆಯ ಗಡಿಗೆಯಿಂದಲೇ ಹಾಕಿಸಿಕೊಳ್ಳಲು ಕಟ್ಟಳೆಯಲ್ಲಿ ಅವಕಾಶವಿದೆ. ಕೆಂಪಾಜಮ್ಮನಿಗೆ ಹಾಗೆಂದೇ ಹೇಳಿ ಕಳಿಸಿದೆ. ಆದರೆ ಮುಳ್ಳು ಬಿದ್ದರೆ ಅಂಗಳದಲ್ಲಿ ಗಿಡ ಏಳಬೇಕಲ್ಲ. ಬೇರೆಯವರಾದರೆ ಅಲ್ಲೇ ಸಿಕ್ಕಿಬೀಳುತ್ತಿದ್ದರು, ನನಗೆ ಗಿಡಕ್ಕೆ ಬರವೇ? ವಾರ ವಾರವೂ ಬೆಳಿಗ್ಗೆ ಎದ್ದು, ಬೀದಿಯವರಿಗೆ ಕಾಣುವ ಹಾಗೆ ಉಸ್ಸಪ್ಪಾ ಎನ್ನುತ್ತ ಗುಂಡಿ ತೋಡಿ ಗಿಡ ನೆಟ್ಟೆ. ನಂದಿಬಟ್ಟಲು ನೆಟ್ಟೆ, ಗೊರಟೆ ನೆಟ್ಟೆ, ಮಾರಾಟವಾಗದೆ ಉಳಿದ ದಾಸವಾಳವನ್ನೆಲ್ಲ ನೆಟ್ಟೆ. ಯಾವ ಹುಳವೂ ಸಾಯದೆ ನೆಟ್ಟ ಗಿಡಗಳು ಈ ಊರಿನ ಇತಿಹಾಸದಲ್ಲೇ ಅವು ಮೊದಲು. ಪಾಪ ತಟ್ಟುತ್ತದೆ ಎಂದು ಒಳಗೊಳಗೇ ಅಳುಕಿತ್ತು. ಗಿಡಗಳಿಗೆ ಆ ಅಳುಕು ಇರಲಿಲ್ಲ, ಸೊಕ್ಕಿ ಬೆಳೆದವು. ಗಡಿಗೆಯ ಜೇನಿಗಂತೂ ಹಬ್ಬ.

ಗುಳಿಗೆ ತನ್ನ ಕೆಲಸವನ್ನು ನಿಧಾನವಾಗಿ ಮಾಡಿತು. ಗುಳಿಗೆ ನುಂಗಿದ ದಿನ ಅವಳಿಗೆ ಓಕರಿಕೆ, ಊಟ ಸೇರುತ್ತಿರಲಿಲ್ಲ. ಆದರೆ ಹೊಸ ಮಚ್ಚೆ ಏಳುವುದು ನಿಂತಿತು. ನೇರಳೆ ಅಂಚು ಮಾಸಿತು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಅಡುಗೆಮನೆಯಿಂದ ಕೂಗಿ ಕರೆದಳು. ಹೋದೆ. ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ತೋರಿಸಿದಳು. ಕಾಗದದಷ್ಟು ತೆಳ್ಳಗೆ ಎದ್ದಿತ್ತು. ನಾವಿಬ್ಬರೂ ಒಲೆಯ ಮುಂದೆ ನಿಂತು ಆ ಚಿವುಟನ್ನು ನೋಡುತ್ತ ಹುಚ್ಚರ ಹಾಗೆ ನಕ್ಕೆವು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ತೊಂದರೆ ಬಂದದ್ದು ಆ ಗುಣದಿಂದಲೇ. ಜಯಶೀಲ ಮತ್ತೆ ಅಂಗಡಿಯಲ್ಲಿ ಕೂತು ಕಸಿ ಕಟ್ಟತೊಡಗಿದಳು. ಊರು ನೋಡಿತು. ಕೆಂಪಾಜಮ್ಮ ನಮ್ಮ ಅಂಗಳದ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಹೋಗಿ ಬರುವವರಿಗೆಲ್ಲ ತೋರಿಸಿದಳು. "ನೋಡ್ರಪ್ಪ, ಹೆದರ್ಕಂಡು ಬುಡ್ದೆ ಜಾಸ್ತಿ ಮಾಡುದ್ರು. ಗಿಡ ನೋಡಿ, ಕೈ ನೋಡಿ." ಜನ ಗಿಡ ನೋಡಿದರು, ಕೈ ನೋಡಿದರು. ನಾನು ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ, ಉಗುಳಲೂ ಆಗದೆ ನುಂಗಲೂ ಆಗದೆ ನಿಂತಿದ್ದೆ.

ಮಾಘ ಮಾಸದಲ್ಲಿ ಶಾಲೆಯ ಪದ್ಮಾಕ್ಷಿ ಮೇಡಂ ಬುಟ್ಟಿ ಹಿಡಿದು ಅಂಗಡಿಗೆ ಬಂದರು. ತಾಯಿಯ ಜೊತೆ ಇರುವ ಹೆಣ್ಣುಮಗಳು, ಇನ್ನೂ ಮದುವೆಯಾಗಿಲ್ಲ. ಬುಟ್ಟಿ ತುಂಬ ಸಸಿ ಕೇಳಿದರು. ಇಷ್ಟೊಂದು ಯಾಕೆಂದು ಜಯಶೀಲ ಕೇಳಿದಳು.

"ಕತ್ತು ನೋವಿಗೆ ಸುತ್ತು ಶುರು ಮಾಡಿದ್ದೆ. ಈಗ ಹುಳ ಜಾಸ್ತಿ ಮಾಡ್ಬೇಕಂತೆ" ಎಂದು ಹೇಳಿ ಮೇಡಂ ಜಡೆ ಸರಿಸಿದರು. ಕತ್ತಿನ ಮೇಲೆ, ಕೂದಲಿನ ಅಂಚಿನಲ್ಲಿ, ನೇರಳೆ ಬಣ್ಣದ ಒಂದು ಬಳೆ. "ನಿನಗೂ ಹಿಂಗೇ ಆಗಿ ಆಮೇಲೆ ಹೋಯ್ತಲ್ಲ ಜಯಶೀಲ. ನಿನ್ನ ನೋಡೇ ನನಗೆ ಧೈರ್ಯ."

ನಾನು ಜಯಶೀಲಳ ಕಾಲು ತುಳಿದೆ. ಅವಳು ಕಾಲು ಎಳೆದುಕೊಂಡು, ಮೇಡಂನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಇದ್ದದ್ದನ್ನೆಲ್ಲ ಹೇಳಿಬಿಟ್ಟಳು. ಗುಳಿಗೆಯ ಡಬ್ಬಿಯನ್ನೂ ತೋರಿಸಿದಳು. ಪದ್ಮಾಕ್ಷಿ ಎಲ್ಲ ಕೇಳಿ, ಡಬ್ಬಿಯನ್ನು ತಿರುಗಿಸಿ ನೋಡಿ ಅಂದರು, "ನೀನು ಹೇಳೋದು ನಂಬ್ತೀನಿ. ಆದ್ರೆ ನಾನು ಸುತ್ತು ಬಿಡೋ ಹಾಗಿಲ್ವಲ್ಲ. ನಮ್ಮ ಗಡಿಗೆ ಜೇನು ಎದ್ದು ಹೋದ್ರೆ ನಮ್ಮಮ್ಮ ಎದೆ ಒಡ್ಕೊಂಡು ಸಾಯ್ತಾರೆ. ನೀವೂ ಇನ್ನೂ ಬಿಟ್ಟಿಲ್ಲ ಅಲ್ವಾ? ಕಟ್ಟೆ ಮೇಲೆ ಕೊನೆ ಮುಳ್ಳು ಬಾಕಿ ಇದೆ. ಅದನ್ನ ಹಾಕಿಸ್ಕೊಳ್ತೀಯ ತಾನೆ?"

ನಾವು ಆ ಮಾತನ್ನು ಇಷ್ಟು ದಿನ ಪಕ್ಕಕ್ಕೆ ಸರಿಸುತ್ತಲೇ ಬಂದಿದ್ದೆವು. ಒಂದೇ ಮುಳ್ಳಲ್ಲವೇ, ಕಣ್ಣು ಮುಚ್ಚಿ ಹಾಕಿಸಿಕೊಂಡರೆ ಊರಿನ ಬಾಯಿ ಮುಚ್ಚುತ್ತದೆ ಎಂದು ನನ್ನ ಮನಸ್ಸಿನ ಮೂಲೆಯಲ್ಲಿ ಇತ್ತು. ಮೇಡಂ ಬುಟ್ಟಿ ಹೊತ್ತು ಹೋದ ಮೇಲೆ ಜಯಶೀಲ ಹೇಳಿದಳು, "ಅತ್ತೆ, ನಮ್ಮ ಸುಳ್ಳಿಗೆ ಅವರ ಕತ್ತು ಕೊಡಕ್ಕಾಗಲ್ಲ. ಬಾಯಲ್ಲಿ ಹೇಳುದ್ರೆ ಯಾರೂ ಸುತ್ತು ಬುಡಲ್ಲ. ಯಾರಾದ್ರೂ ಒಬ್ರು ಎಲ್ಲರ ಕಣ್ಣೆದುರು ಬುಡ್ಬೇಕು."

"ಜೇನು ಎದ್ದೋದ್ರೆ?"

"ಎದ್ದೋಗ್ಲಿ."

"ಅಂಗಡಿ ಮುಚ್ಚಬೇಕಾಯ್ತದೆ ಕಣೆ. ಜೇನಿಲ್ಲದ ಮನೆ ಸಸಿ ಯಾರು ಕೊಳ್ತಾರೆ? ಬಾವಿ ಹತ್ರ ನಮ್ಮ ಬಿಂದಿಗೆ ಯಾರು ಮುಟ್ತಾರೆ?"

"ಕೈ ಅದಲ್ಲ ಅತ್ತೆ. ಬೇರೆ ಊರಲ್ಲೂ ಕಸಿ ಹಿಡೀತದೆ."

ನಾನು ಹುಟ್ಟಿದ ಊರು, ಮದುವೆಯಾಗಿ ಉಳಿದ ಊರು, ಗಂಡನನ್ನು ಮಣ್ಣು ಮಾಡಿದ ಊರು. ಅದನ್ನು ಬಿಡುವ ಮಾತನ್ನು ನಿನ್ನೆ ಮೊನ್ನೆ ಬಂದ ಹುಡುಗಿ ಅಷ್ಟು ಸಲೀಸಾಗಿ ಆಡಿದಳು. ನನಗೆ ಭಯವಾಯಿತು. ಅದರ ಹಿಂದೆಯೇ, ಇವಳು ನನ್ನ ಸೊಸೆ ಎಂಬ ಹೆಮ್ಮೆ ಉಕ್ಕಿತು. ಭಯ ಅಲ್ಲೇ ಇತ್ತು, ಹೆಮ್ಮೆ ಅದಕ್ಕಿಂತ ಎತ್ತರ ಕೂತಿತು.

ಹೊಂಗೆ ಹೂ ಬಿಟ್ಟಿತು. ಕಟ್ಟೆಯ ಮೇಲಿನ ಹೊಂಗೆಮರ ನೊರೆ ಕಟ್ಟಿದಂತೆ ಬಿಳುಪೇರಿತ್ತು. ಆ ವರ್ಷ ಸುತ್ತು ಮುಗಿಸುವವರೆಲ್ಲ ತಮ್ಮ ತಮ್ಮ ಗಡಿಗೆಗಳನ್ನು ಬಟ್ಟೆ ಸುತ್ತಿ ಹೊತ್ತು ತಂದು ಸಾಲಾಗಿ ಇಟ್ಟರು. ನಮ್ಮ ಗಡಿಗೆಯನ್ನು ಮಹಾಲಿಂಗು ತಂದ. ಊರೆಲ್ಲ ಸೇರಿತ್ತು, ಪದ್ಮಾಕ್ಷಿ ತಾಯಿಯ ಜೊತೆ ಮುಂದೆಯೇ ನಿಂತಿದ್ದರು. ಕೆಂಪಾಜಮ್ಮ ಹೊಸ ಸೀರೆ ಉಟ್ಟು, "ಮೊದ್ಲು ನಮ್ಮ ಜಯಶೀಲ" ಎಂದು ಕರೆದಳು. ಆ ದನಿಯಲ್ಲಿದ್ದ ಪ್ರೀತಿ ಕೇಳಿ ನಾನು ತಲೆ ತಗ್ಗಿಸಿದೆ.

ಜಯಶೀಲ ಕಟ್ಟೆ ಹತ್ತಿದಳು. ಕೈ ಚಾಚಿ 'ಬಾ' ಎಂದಳು. ನಮ್ಮ ಗಡಿಗೆಯ ಬಾಯಿಂದ ಒಂದು ಹುಳ ಹಾರಿಬಂದು ಅವಳ ಮುಂಗೈ ಮೇಲೆ ಕೂತಿತು. ಅವಳು ಬೆರಳಿಟ್ಟು ಜಾಗ ತೋರಿಸಲಿಲ್ಲ. ಹುಳ ಕಾಯಿತು, ಊರು ಕಾಯಿತು.

"ಜಾಗ ತೋರ್ಸವ್ವ" ಅಂದಳು ಕೆಂಪಾಜಮ್ಮ ಮೆಲ್ಲಗೆ.

ಜಯಶೀಲ ಕೈಯನ್ನು ಮುಖದ ಹತ್ತಿರಕ್ಕೆ ತಂದುಕೊಂಡು ಹುಳಕ್ಕೆ ಹೇಳಿದಳು, "ಬೇಡ ತಾಯಿ. ಗೂಡಿಗೆ ಹೋಗು."

ಬಾ ಎನ್ನುವುದನ್ನು ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ. ಬೇಡ ಎಂದದ್ದನ್ನು ಯಾರೂ ಕೇಳಿರಲಿಲ್ಲ. ಹುಳ ಮುಂಗಾಲಿನಿಂದ ಮುಖ ಒರೆಸಿಕೊಂಡಿತು. ಮುಂಗೈಯಿಂದ ಬೆರಳ ತುದಿಯವರೆಗೆ ನಡೆದುಕೊಂಡು ಹೋಯಿತು, ರೆಕ್ಕೆ ಬಿಚ್ಚಿತು, ಹಾರಿ ಗಡಿಗೆಯೊಳಗೆ ಹೊಕ್ಕಿತು.

ಎಲ್ಲರ ಕಣ್ಣೂ ಗಡಿಗೆಯ ಮೇಲೆ. ಒಳಗೆ ಗುಂಯ್ ಎನ್ನುವ ಸದ್ದು ಏರಿತು. ಏರುತ್ತ ಏರುತ್ತ, ಬಾಯಿಂದ ಹುಳಗಳು ಹಿಂಡು ಹಿಂಡಾಗಿ ಈಚೆಗೆ ಬಂದವು. ಪದ್ಮಾಕ್ಷಿಯ ತಾಯಿ 'ಹೋಯ್ತು' ಎಂದು ಕೂತುಬಿಟ್ಟರು. ನಾನು ಮಹಾಲಿಂಗುವಿನ ತೋಳನ್ನು ಹಿಡಿದುಕೊಂಡೆ. ಹುಳಗಳು ಕಟ್ಟೆಯನ್ನು ಒಂದು ಸುತ್ತು ಹಾಕಿ ಮೇಲೇರಿದವು. ಮೇಲೆ ಹೊಂಗೆ ಹೂವಿತ್ತು. ಅದರೊಳಗೆ ನುಗ್ಗಿದವು. ಎಷ್ಟೋ ಹೊತ್ತಿನ ಮೇಲೆ ಒಂದು ಇಳಿದು ಬಂತು, ಹಿಂಗಾಲಲ್ಲಿ ಹೂಪುಡಿಯ ಮುದ್ದೆ ಹೊತ್ತು. ಸೀದಾ ನಮ್ಮ ಗಡಿಗೆಗೆ ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಬೇರೆ ದಿನ ಮಾಡುವ ಕೆಲಸವನ್ನೇ ಮಾಡುತ್ತಿದ್ದವು. ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದರೂ ಊಟಕ್ಕೆಂದು ಒಬ್ಬರೂ ಕದಲಲಿಲ್ಲ. ನಮ್ಮ ಜೇನು ಹೋಗುತ್ತಲೂ ಬರುತ್ತಲೂ ಇತ್ತು.

ಆಗ ಜಯಶೀಲ ಕಟ್ಟೆಯ ಮೇಲಿನಿಂದಲೇ ಎಲ್ಲವನ್ನೂ ಹೇಳಿದಳು. ಮುಳ್ಳು ಬೀಳದ ಪಕ್ಕೆಗೆ ಮಚ್ಚೆ ಬಂದದ್ದು, ಡಾಕ್ಟರಮ್ಮ ಹೇಳಿದ ಕಾವಲಿನ ಮಾತು, ವಾರದ ಗುಳಿಗೆ. "ಎಲ್ರಿಗೂ ಹಿಂಗೇ ಆಯ್ತದೆ ಅಂತ ನಾನು ಹೇಳಲ್ಲ. ಮುಳ್ಳು ಬಿದ್ದ ಮೇಲೆ ಕೆಂಪು ಇಳೀದೆ, ಚರ್ಮ ಗಟ್ಟಿ ಆದ್ರೆ, ಅದು ಗುಣದ ಗುರುತಲ್ಲ. ಅಲ್ಲಿಗೆ ನಿಲ್ಸಿ. ನಮ್ಮ ಅಂಗಳದ ಗಿಡ ನೋಡಿ ಮೋಸ ಹೋಗ್ಬ್ಯಾಡಿ, ಗುಳಿಗೆ ಶುರುವಾದ ಮೇಲಿನವು ಅತ್ತೆ ಸುಮ್ಮನೆ ನೆಟ್ಟವು. ಒಂದು ಹುಳಾನೂ ಸತ್ತಿಲ್ಲ." ಎಲ್ಲರೂ ನನ್ನ ಕಡೆ ತಿರುಗಿದರು. ಕಲ್ಲು ಬೀಳುತ್ತದೋ ಏನೋ ಎಂದು ನಾನು ಸೆರಗು ಹೊದ್ದುಕೊಂಡೆ. ಬಿದ್ದದ್ದು ನಗು. ಯಾರೋ ಹಿಂದಿನಿಂದ, "ಅದಕ್ಕೇ ಉಸ್ಸಪ್ಪಾ ಅಂತ ಅಷ್ಟು ಜೋರಾಗಿ ಅಂತಿದ್ಲು" ಅಂದರು.

ಪದ್ಮಾಕ್ಷಿ ತಾಯಿಯನ್ನು ಕೈ ಹಿಡಿದು ಎಬ್ಬಿಸಿ, ಕಟ್ಟೆ ಹತ್ತಿ, ಸಾಲಿನಲ್ಲಿದ್ದ ತಮ್ಮ ಗಡಿಗೆಯನ್ನು ಮುಂದಕ್ಕೆ ತಂದಿಟ್ಟರು. ಕೈ ಚಾಚಿ ಕರೆದರು. ಹುಳ ಬಂತು. 'ಬೇಡ' ಎಂದರು. ಹುಳ ವಾಪಸು ಹೋಯಿತು. ಮೇಡಂ ಅಲ್ಲೇ ನಿಂತು ಅತ್ತರು, ಅವರ ತಾಯಿ ಗಡಿಗೆಗೆ ಕಿವಿಯಿಟ್ಟು ಕೇಳಿ, "ಇದಾವೆ ಕಣೆ, ಇದಾವೆ" ಎಂದು ನಕ್ಕರು. ಆಮೇಲೆ ಸಾಲಿನಲ್ಲಿದ್ದ ಒಬ್ಬೊಬ್ಬರೂ ಹತ್ತಿದರು. ಕೆಲವರು ಬೇಡ ಎಂದರು, ಕೆಲವರು ಹಳೆಯ ರೂಢಿಯಂತೆ ಹಾಕಿಸಿಕೊಂಡರು. ಆದರೆ ಎಲ್ಲರಿಗೂ ಬಾ, ಬೇಡ ಎಂಬ ಎರಡು ಮಾತು ಗೊತ್ತಾಗಿತ್ತು, ಅಲ್ಲಿಯವರೆಗೆ ಒಂದೇ ಗೊತ್ತಿತ್ತು.

ಕೆಂಪಾಜಮ್ಮ ಕಟ್ಟೆಯ ಅಂಚಿನಲ್ಲಿ ಕುಸಿದು ಕೂತಿದ್ದಳು. ಯಾರೂ ಅವಳ ಹತ್ತಿರ ಹೋಗಿರಲಿಲ್ಲ. ನಾನು ಹೋದೆ. ಬೈಯುತ್ತಾಳೆಂದುಕೊಂಡೆ, ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋದೆ.

"ಇಷ್ಟು ವರ್ಷಕ್ಕೆ ಕೈ ಮೇಲಿಂದ ಒಂದು ಹುಳ ಜೀವಂತ ವಾಪಸ್ ಹೋದುದ್ನ ನಾನು ಕಂಡಿರ್ಲಿಲ್ಲ ತಾಯಮ್ಮ" ಅಂದಳು. ಆಮೇಲೆ ಜಯಶೀಲಳ ಕಡೆ ನೋಡಿ, "ಆ ಡಾಕ್ಟ್ರಮ್ಮನ ಹತ್ರ ನನ್ನೂ ಕರ್ಕೊಂಡೋಗವ್ವ" ಅಂದಳು. "ನನಗಲ್ಲ, ನನಗೇನೂ ಆಗಿಲ್ಲ. ಎಷ್ಟು ಜನದ ಮೈಗೆ ಮುಳ್ಳು ಹಾಕ್ಸಿವ್ನಿ. ಯಾರ್ಯಾರ ಮೈಯಲ್ಲಿ ಏನ್ ನೋಡ್ಬೇಕು ಅಂತ ನನಗೆ ಗೊತ್ತಾಗ್ಬೇಕಲ್ಲ."

ಅವಳು ಕಟ್ಟೆಗೆ ಕೈಯೂರಿದಳು. ಏಳಲು ನೋಡಿದಳು, ಆ ದೊಡ್ಡ ದೇಹ ಅರ್ಧಕ್ಕೇ ನಿಂತಿತು. ಜಯಶೀಲ ಬಂದು ಬಲಗೈ ಚಾಚಿದಳು. ಕೆಂಪಾಜಮ್ಮ ಆ ಕೈಯನ್ನು ನೋಡಿದಳು, ಮಾಸಿದ ಮಚ್ಚೆಯ ಮೇಲೆ ಒಮ್ಮೆ ಹೆಬ್ಬೆರಳಾಡಿಸಿದಳು, ಹಿಡಿದುಕೊಂಡಳು. ನಾನು ಸಹಾಯಕ್ಕೆ ಹೋಗಬೇಕೆಂದು ಮುಂದೆ ಬಾಗಿದೆ. ಬೇಕಾಗಲಿಲ್ಲ. ಅಷ್ಟು ಭಾರವನ್ನು ನನ್ನ ಸೊಸೆಯ ಮಣಿಕಟ್ಟು ಒಂದೇ ಎಳೆತಕ್ಕೆ ಎತ್ತಿ ನಿಲ್ಲಿಸಿತು.